ಮತ್ತೆ ಕಟ್ಟಿದ ಪರೀಕ್ಷೆ

ನಮ್ಮ ದೇಶದಲ್ಲಿ ಕಾಲೇಜಿನ ಬಾಗಿಲಿಗೆ ಪ್ರವೇಶಪರೀಕ್ಷೆಯೆಂಬ ಅಗುಳಿ ಬಿದ್ದದ್ದು 1857ರಲ್ಲಿ. ಆ ವರ್ಷದ ಜನವರಿಯಲ್ಲಿ ಕಲ್ಕತ್ತೆ, ಜುಲೈಯಲ್ಲಿ ಮುಂಬಯಿ, ಸೆಪ್ಟೆಂಬರಿನಲ್ಲಿ ಮದರಾಸು, ಹೀಗೆ ಮೂರು ವಿಶ್ವವಿದ್ಯಾನಿಲಯಗಳು ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯಲ್ಲಿ ಸ್ಥಾಪಿತವಾದುವು. ಅವು ತಾವಾಗಿ ಪಾಠ ಹೇಳುತ್ತಿರಲಿಲ್ಲ. ಪರೀಕ್ಷಿಸಿ ಪದವಿ ಕೊಡುವುದಷ್ಟೇ ಅವುಗಳ ಕಾರ್ಯವಾಗಿತ್ತು. ಧಾರವಾಡದ ಹುಡುಗ ಮುಂಬಯಿಗೆ, ಮಂಗಳೂರು ಬಳ್ಳಾರಿಗಳವನೂ ಮೈಸೂರು ಸಂಸ್ಥಾನದವನೂ ಮದರಾಸಿಗೆ ಅಧೀನರಾಗಿ, ತಮ್ಮ ಮುಖವನ್ನೆಂದೂ ಕಾಣದ ಪರೀಕ್ಷಕರ ಕೈಗೆ ತಮ್ಮ ಭವಿಷ್ಯವನ್ನು ಒಪ್ಪಿಸಿ, ವೃತ್ತಪತ್ರಿಕೆಯಲ್ಲಿ ತಮ್ಮ ನಂಬರು ಕಾಣಿಸುವ ದಿನಕ್ಕಾಗಿ ಕಾದಿರಬೇಕಾಗಿತ್ತು.

ನಂಬರು ಕಾಣಿಸದಿದ್ದವನು ಏನು ಮಾಡತಕ್ಕದ್ದು? ಆ ಪ್ರವೇಶಪರೀಕ್ಷೆಯ, ಎಂದರೆ ಮೆಟ್ರಿಕ್ಯುಲೇಷನ್ನಿನ, ನಿಯಮ ಕಠೋರವಾಗಿತ್ತು. ಗಣಿತದಲ್ಲಿ ಎಷ್ಟೇ ಪ್ರಾವೀಣ್ಯವಿದ್ದರೂ ಇಂಗ್ಲಿಷಿನಲ್ಲಿ ಕೆಲವೇ ಅಂಕಗಳು ಕಡಮೆಯಾದರೆ ಪರೀಕ್ಷೆಯಿಡೀ ನಪಾಸು. ಮತ್ತೆ ಕಟ್ಟುವುದಾದರೆ ಎಲ್ಲ ವಿಷಯಗಳನ್ನೂ ಮೊದಲಿನಿಂದ ಕಟ್ಟಬೇಕು. ಈ ನಿಶ್ಚಯ ಹುಡುಗನೊಬ್ಬನದೇ ಆಗಿರಲಿಲ್ಲ. ಹಳ್ಳಿಯಿಂದ ಬಂದು ಪಟ್ಟಣದಲ್ಲಿ ವಾರಾನ್ನದಿಂದ ಓದುತ್ತಿದ್ದವನನ್ನು ನೆನೆಯಬೇಕು: ಸೋಮವಾರ ವಕೀಲರ ಮನೆ, ಮಂಗಳವಾರ ಅಮಲ್ದಾರರ ಮನೆ, ಬುಧವಾರ ದೂರದ ನೆಂಟರ ಮನೆ ಎಂದು ಏಳು ಮನೆಗಳ ಔದಾರ್ಯದ ಮೇಲೆ ಅವನ ವಿದ್ಯೆ ನಿಂತಿತ್ತು. ಅವನು ಇನ್ನೊಂದು ವರ್ಷ ಓದಬೇಕೆಂದರೆ ಆ ಏಳು ಮನೆಗಳ ಗೃಹಿಣಿಯರೂ ಇನ್ನೊಂದು ವರ್ಷ ಎಲೆ ಹಾಕಲು ಒಪ್ಪಬೇಕು. ಊರಿನಲ್ಲಿ ತಂದೆ ಪರೀಕ್ಷೆಯ ಫೀಜಿಗೆ ಮತ್ತೊಮ್ಮೆ ಹಣ ಹೊಂದಿಸಬೇಕು. ಅತ್ತ ಗುಮಾಸ್ತೆಯ ಕೆಲಸವೋ ಪ್ರಾಥಮಿಕ ಶಾಲೆಯ ಉಪಾಧ್ಯಾಯಿಕೆಯೋ ಕಣ್ಣೆದುರಿಗಿರುವಾಗ, ಸೋದರಮಾವನೋ ದೊಡ್ಡಪ್ಪನೋ "ಓದಿದ್ದು ಸಾಕು, ಬಾರಪ್ಪ" ಎಂದರೆ ಅದನ್ನು ಕಾಠಿಣ್ಯವೆನ್ನಲು ನನಗೆ ಮನಸ್ಸು ಬಾರದು. ಅಸಮರ್ಥರಾಗಿಯಲ್ಲ, ಕೇವಲ ಕಾಲಾವಕಾಶವಿಲ್ಲದೆ ಆ ಬಾಗಿಲಿನಿಂದ ಹಿಂದಿರುಗಿದವರು ಅಸಂಖ್ಯರೆಂದೇ ನನ್ನ ನಂಬುಗೆ.

ಕಾಲೇಜಿನೊಳಗೆ ಹೊಕ್ಕ ಮೇಲೂ ಈ ನಿಯಮ ಬೆನ್ನು ಬಿಡುತ್ತಿರಲಿಲ್ಲ. ಶ್ರೀನಿವಾಸ ರಾಮಾನುಜನ್ ಕುಂಭಕೋಣದ ಸರ್ಕಾರಿ ಕಾಲೇಜನ್ನು 1904ರಲ್ಲಿ ವಿದ್ಯಾರ್ಥಿವೇತನದೊಡನೆ ಸೇರಿ, ಗಣಿತವೊಂದರಲ್ಲೇ ಮುಳುಗಿ ಉಳಿದ ವಿಷಯಗಳಲ್ಲಿ ಹಿಂದೆ ಬಿದ್ದು ಆ ವೇತನವನ್ನು ಕಳೆದುಕೊಂಡರು. ಮದರಾಸಿನ ಪಚ್ಚಯ್ಯಪ್ಪ ಕಾಲೇಜಿನಿಂದ 1906ರಲ್ಲಿ ಎಫ್.ಎ. (ಫಸ್ಟ್ ಆರ್ಟ್ಸ್) ಪರೀಕ್ಷೆಗೆ ಕುಳಿತು ನಪಾಸಾದರು. 1907ರಲ್ಲಿ ಖಾಸಗಿಯಾಗಿ ಮತ್ತೆ ಕಟ್ಟಿ ಮತ್ತೆ ನಪಾಸಾದರು. ಮೂರನೆಯ ಬಾರಿ ಕಟ್ಟದೆ ತಮ್ಮ ಗಣಿತದ ಪುಸ್ತಕಗಳಿಗೇ ಅವರು ಹಿಂದಿರುಗಿದ್ದು ಲೋಕದ ಭಾಗ್ಯ. ಆದರೆ ಆ ನಡುವಣ ವರ್ಷಗಳ ದಾರಿದ್ರ್ಯವನ್ನು ನೆನೆದಾಗ, ಒಂದು ವಿಷಯದ ಅಸಾಧಾರಣತೆಗೆ ಎಳ್ಳಷ್ಟೂ ಬೆಲೆ ಕೊಡದ ಆ ನಿಯಮವನ್ನು ನಾನು ಕ್ಷಮಿಸಲಾರೆ.

ಈ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಅಧ್ಯಾಯ ನಡೆದದ್ದು ಲಂಡನ್ನಿನಲ್ಲಿ. ಮೋಹನದಾಸ ಗಾಂಧಿ 1887ರಲ್ಲಿ ಮುಂಬಯಿಯ ಮೆಟ್ರಿಕ್ಯುಲೇಷನ್ನಿಗೆ ಕುಳಿತಾಗ ಇದ್ದ ಕೇಂದ್ರಗಳು ಮುಂಬಯಿ ಮತ್ತು ಅಹಮದಾಬಾದು ಎರಡೇ. ಖರ್ಚು ಕಡಮೆಯೆಂದು ಕಾಠಿಯಾವಾಡದ ಇತರ ಹುಡುಗರಂತೆ ಅವರೂ ಅಹಮದಾಬಾದಿಗೆ ಹೋಗಿ ತೇರ್ಗಡೆಯಾದರು. ಮುಂದೆ ಬ್ಯಾರಿಸ್ಟರಿಕೆಗೆಂದು ಇಂಗ್ಲೆಂಡಿಗೆ ಹೋದಾಗ, ಅದಕ್ಕೆ ಅಗತ್ಯವಿಲ್ಲದಿದ್ದರೂ, ಕಷ್ಟದ ಪರೀಕ್ಷೆಯೊಂದನ್ನು ಕಟ್ಟಬೇಕೆಂದು ಲಂಡನ್ ಮೆಟ್ರಿಕ್ಯುಲೇಷನ್ನನ್ನು ತಾವಾಗಿ ಆರಿಸಿಕೊಂಡರು. 1890ರ ಜನವರಿಯ ಮೊದಲ ಪ್ರಯತ್ನದಲ್ಲಿ ಲ್ಯಾಟಿನ್ನು ಕೈಕೊಟ್ಟಿತು. ಅಲ್ಲಿಗೇ ಬಿಟ್ಟಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರಾದರೋ ಲ್ಯಾಟಿನ್ನಿನ ರುಚಿ ಹತ್ತಿತೆಂದೂ, ಮತ್ತೆ ಓದಿದರೆ ಫ್ರೆಂಚೂ ಇನ್ನಷ್ಟು ಹದಗೊಂಡೀತೆಂದೂ ಬಗೆದು, ಪ್ರಯೋಗಗಳಿಲ್ಲದೆ ನೀರಸವಾಗಿದ್ದ ರಸಾಯನಶಾಸ್ತ್ರವನ್ನು ಬಿಟ್ಟು ಉಷ್ಣ ಮತ್ತು ಬೆಳಕಿನ ಶಾಸ್ತ್ರವನ್ನು ಹಿಡಿದು, ಮತ್ತೊಮ್ಮೆ ಕೂರಲು ಸಿದ್ಧರಾದರು. ಅಣ್ಣನ ಹಣ ವ್ಯಯವಾಗುತ್ತಿರುವುದರ ಅರಿವು ತೀವ್ರವಾಗಿದ್ದುದರಿಂದ, ಇದ್ದ ಎರಡು ಕೋಣೆಗಳನ್ನು ತೊರೆದು ಒಂದೇ ಕೋಣೆಗೆ ಬಂದು, ಒಲೆಯೊಂದನ್ನು ಕೊಂಡು, ಬೆಳಿಗ್ಗೆ ಓಟ್ಸ್ ಗಂಜಿ ಬೇಯಿಸಿ ಕೋಕೋವಿಗೆ ನೀರು ಕಾಯಿಸಿಕೊಳ್ಳತೊಡಗಿದರು. ಇಪ್ಪತ್ತು ನಿಮಿಷದ ಅಡುಗೆ. ರಾತ್ರಿಗೆ ರೊಟ್ಟಿ ಮತ್ತು ಕೋಕೋ. ದಿನಕ್ಕೆ ಒಂದು ಷಿಲ್ಲಿಂಗು ಮೂರು ಪೆನ್ಸಿನಲ್ಲಿ ಜೀವನ ಸಾಗಿತು, ಓದಿಗೆ ಕಾಲ ಉಳಿಯಿತು, ಜೂನ್ ತಿಂಗಳಲ್ಲಿ ಪರೀಕ್ಷೆ ಪಾಸಾಯಿತು. ಆ ಬಾಳಿನ ಮುಂದಿನ ಸರಳತೆಗೆ ಬುನಾದಿ ಬಿದ್ದ ದಿನಗಳಲ್ಲಿ ಈ ನಪಾಸಿನ ಆರು ತಿಂಗಳೂ ಸೇರಿವೆ.

ಮೈಸೂರಿಗೆ 1916ರಲ್ಲಿ ತನ್ನದೇ ವಿಶ್ವವಿದ್ಯಾನಿಲಯ ಬಂದಿತು. ಪ್ರವೇಶಪರೀಕ್ಷೆಯೂ ತನ್ನದೇ ಆಯಿತು. ಆ ಪರೀಕ್ಷೆಯಲ್ಲಿ 1925ರಲ್ಲಿ ನಪಾಸಾದವರಲ್ಲಿ ಆರ್.ಕೆ. ನಾರಾಯಣರೊಬ್ಬರು, ಅದೂ ಇಂಗ್ಲಿಷಿನಲ್ಲಿ. ತಂದೆಯವರು ಹೈಸ್ಕೂಲಿನ ಮುಖ್ಯೋಪಾಧ್ಯಾಯರು, ಮನೆಯಲ್ಲಿ ಪುಸ್ತಕಗಳಿಗೆ ಕೊರತೆಯಿರಲಿಲ್ಲ. ಮತ್ತೆ ಕಟ್ಟುವವರೆಗಿನ ಆ ವರ್ಷವನ್ನು ಅವರು ಕುಕ್ಕರಹಳ್ಳಿ ಕೆರೆಯ ಸುತ್ತ ಅಲೆಯುತ್ತ, ಪಠ್ಯವಲ್ಲದ್ದನ್ನೆಲ್ಲ ಓದುತ್ತ, ಬರೆಯತೊಡಗುತ್ತ ಕಳೆದರು. ವಾರಾನ್ನದ ಹುಡುಗನಿಗೆ ದೊರೆಯದ ವಿರಾಮವಿದು. ಊಟದ ಚಿಂತೆಯಿಲ್ಲದ ಒಂದು ವರ್ಷ ಏನೇನನ್ನು ಬೆಳೆಸಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವನ್ನು ನಾನು ಅರಸೆನು. ಮರುವರ್ಷ ಪಾಸಾಗಿ ಅವರು ಮಹಾರಾಜಾ ಕಾಲೇಜನ್ನು ಸೇರಿದರು, 1930ರಲ್ಲಿ ಬಿ.ಎ. ಆದರು, 1935ರಲ್ಲಿ ಅವರ ಮೊದಲ ಇಂಗ್ಲಿಷ್ ಕಾದಂಬರಿ ಅಚ್ಚಾಯಿತು.