ವೆಂಡೆಲ್ ಸ್ಮಿತ್: ಬೇಸ್‌ಬಾಲ್‌ನ ವರ್ಣಭೇದವನ್ನು ಎದುರಿಸಿದ ವರದಿಗಾರ

1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ಪರ ಕಣಕ್ಕಿಳಿದಾಗ, ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಆರು ದಶಕ ಬೇರೂರಿದ್ದ ವರ್ಣಭೇದ ಮುರಿಯಿತು. ಈ ಇತಿಹಾಸ ಬರೆಯುವವರು ರಾಬಿನ್ಸನ್ ಅವರ ಧೈರ್ಯವನ್ನೂ ತಂಡದ ಮುಖ್ಯಸ್ಥ ಬ್ರಾಂಚ್ ರಿಕಿ ಅವರ ದೂರದೃಷ್ಟಿಯನ್ನೂ ತಪ್ಪದೆ ಕೊಂಡಾಡುತ್ತಾರೆ. ಅದಕ್ಕೂ ಹತ್ತು ವರ್ಷ ಮೊದಲೇ ನೆಲ ಹದಗೊಳಿಸತೊಡಗಿದ್ದ ಕಪ್ಪು ಪತ್ರಕರ್ತರಿಗೆ ಸಲ್ಲಬೇಕಾದ ಪಾಲು ಮಾತ್ರ ಬಹುಕಾಲ ಸಲ್ಲಲಿಲ್ಲ. ಬಾಲ್ಟಿಮೋರ್‌ನ ಸ್ಯಾಮ್ ಲೇಸಿ ಅವರಂಥ ಹಲವರು ಈ ಸಾಲಿನಲ್ಲಿದ್ದಾರೆ. ಅವರಲ್ಲಿ ವೆಂಡೆಲ್ ಸ್ಮಿತ್ ಅವರ ಕೆಲಸ ವಿಶೇಷ ಅಧ್ಯಯನಕ್ಕೆ ತಕ್ಕದ್ದು.

ಸ್ಮಿತ್ ಹುಟ್ಟಿದ್ದು 1914ರಲ್ಲಿ, ಡೆಟ್ರಾಯಿಟ್‌ನಲ್ಲಿ. ಹರೆಯದಲ್ಲಿ ಒಳ್ಳೆಯ ಪಿಚರ್ ಆಗಿದ್ದ ಅವರು ತಮ್ಮ ತಂಡಕ್ಕೆ ಮುಖ್ಯ ಪಂದ್ಯವೊಂದನ್ನು ಗೆದ್ದುಕೊಟ್ಟರು. ಆಟ ನೋಡಲು ಬಂದಿದ್ದ ಟೈಗರ್ಸ್ ತಂಡದ ಪ್ರತಿನಿಧಿ, ಸ್ಮಿತ್ ಅವರ ಚೆಂಡು ಹಿಡಿಯುತ್ತಿದ್ದ ಬಿಳಿಯ ಹುಡುಗ ಮೈಕ್ ಟ್ರೆಶ್‌ನನ್ನು ಆರಿಸಿಕೊಂಡರು. ನಿನ್ನನ್ನು ತೆಗೆದುಕೊಳ್ಳುವಂತಿಲ್ಲ ಎಂದು ಸ್ಮಿತ್‌ಗೆ ನೇರವಾಗಿಯೇ ಹೇಳಿದರು. ಕಾರಣ ಮೈಬಣ್ಣ, ಅಷ್ಟೇ. ವೆಸ್ಟ್ ವರ್ಜೀನಿಯಾದಲ್ಲಿ ಕಾಲೇಜು ಮುಗಿಸಿ, 1937ರಲ್ಲಿ ಅವರು ಪಿಟ್ಸ್‌ಬರ್ಗ್ ಕೊರಿಯರ್ ಸೇರಿದರು. ಅದು ಕಪ್ಪು ಜನರೇ ನಡೆಸುತ್ತಿದ್ದ, ದೇಶದುದ್ದಕ್ಕೂ ಓದುಗರಿದ್ದ ವಾರಪತ್ರಿಕೆ.

ಮರುವರ್ಷವೇ ತಮ್ಮ ಅಂಕಣದಲ್ಲಿ ಸ್ವಜನರನ್ನೇ ತರಾಟೆಗೆ ತೆಗೆದುಕೊಂಡರು. ನಮ್ಮವರಿಗೆ ಬಾಗಿಲು ಮುಚ್ಚಿದ ತಂಡಗಳ ಆಟಕ್ಕೆ ನಾವೇ ದುಡ್ಡು ಕೊಟ್ಟು ಹೋಗುವುದೇಕೆ ಎಂಬುದು ಅವರ ಪ್ರಶ್ನೆ. ನನ್ನ ದೃಷ್ಟಿಯಲ್ಲಿ ಅವರ ಅತಿ ಮುಖ್ಯ ಕೆಲಸ ನಡೆದದ್ದು 1939ರಲ್ಲಿ. ಕಪ್ಪು ಆಟಗಾರರೊಡನೆ ಆಡಲು ಬಿಳಿಯ ಆಟಗಾರರು ಒಪ್ಪುವುದಿಲ್ಲ ಎಂಬುದು ಆಗ ಕ್ರೀಡಾಡಳಿತದ ಸಿದ್ಧ ಉತ್ತರವಾಗಿತ್ತು. ಅದು ನಿಜವೇ ಎಂದು ಸ್ಮಿತ್ ಪರೀಕ್ಷಿಸಲು ಹೊರಟರು. ಪಿಟ್ಸ್‌ಬರ್ಗ್‌ಗೆ ಆಡಲು ಬರುತ್ತಿದ್ದ ನ್ಯಾಷನಲ್ ಲೀಗ್ ತಂಡಗಳು ಇಳಿದುಕೊಳ್ಳುತ್ತಿದ್ದ ಶೆನ್ಲಿ ಹೋಟೆಲಿನಲ್ಲಿ ಮ್ಯಾನೇಜರ್‌ಗಳನ್ನೂ ಆಟಗಾರರನ್ನೂ ಒಬ್ಬೊಬ್ಬರಾಗಿ ಕಂಡು ಮಾತಾಡಿಸಿ, ಹೆಸರು ಸಹಿತ ಪ್ರಕಟಿಸಿದರು. ಬಹುಪಾಲು ಜನರಿಗೆ ತಕರಾರಿರಲಿಲ್ಲ. ಜೈಂಟ್ಸ್ ಮ್ಯಾನೇಜರ್ ಬಿಲ್ ಟೆರಿ ವಿರೋಧಿಸಿದರು. ಡಾಡ್ಜರ್ಸ್‌ನ ಲಿಯೊ ಡ್ಯುರೋಷರ್ ಅನುಮತಿ ಸಿಕ್ಕರೆ ತೆಗೆದುಕೊಳ್ಳಲು ಸಿದ್ಧರೆಂದರು. ಆಡಳಿತದ ನೆಪಕ್ಕೆ ಬುಡವಿಲ್ಲವೆಂದು ಎದುರಾಳಿಗಳ ಬಾಯಿಂದಲೇ ಸಾಬೀತಾಯಿತು.

1945ರ ಏಪ್ರಿಲ್‌ನಲ್ಲಿ ಬಾಸ್ಟನ್ ನಗರಸಭಾ ಸದಸ್ಯ ಇಸಡೋರ್ ಮಚ್ನಿಕ್ ಅವರ ಒತ್ತಡದಿಂದ ರೆಡ್ ಸಾಕ್ಸ್ ತಂಡ ಕಪ್ಪು ಆಟಗಾರರ ಪರೀಕ್ಷೆಗೆ ಒಪ್ಪಿತು. ರಾಬಿನ್ಸನ್, ಸ್ಯಾಮ್ ಜೆಥ್ರೊ ಮತ್ತು ಮಾರ್ವಿನ್ ವಿಲಿಯಮ್ಸ್ ಅವರನ್ನು ಸ್ಮಿತ್ ಅಲ್ಲಿಗೆ ಕರೆದೊಯ್ದರು. ತಂಡ ಯಾರನ್ನೂ ತೆಗೆದುಕೊಳ್ಳಲಿಲ್ಲ. 1959ರವರೆಗೂ ಅದರಲ್ಲಿ ಕಪ್ಪು ಆಟಗಾರರೇ ಇರಲಿಲ್ಲ. ಆದರೆ ಹಿಂದಿರುಗುವಾಗ ಸ್ಮಿತ್ ಬ್ರೂಕ್ಲಿನ್‌ನಲ್ಲಿ ರಿಕಿ ಅವರನ್ನು ಕಂಡು ರಾಬಿನ್ಸನ್ ಹೆಸರು ಹೇಳಿದರು. ಮುಂದೆ 1946 ಮತ್ತು 1947ರಲ್ಲಿ ರಾಬಿನ್ಸನ್ ಜೊತೆ ಊರೂರು ಸುತ್ತಿ, ವಸತಿ ಹುಡುಕುವುದರಿಂದ ಹಿಡಿದು ಎಲ್ಲಕ್ಕೂ ನೆರವಾದರು. ಫ್ಲಾರಿಡಾದ ಸ್ಯಾನ್‌ಫರ್ಡ್‌ನಲ್ಲಿ ಬೆದರಿಕೆ ಬಂದಾಗ ಅವರೂ ಛಾಯಾಗ್ರಾಹಕ ಬಿಲ್ಲಿ ರೋ ಅವರೂ ಸೇರಿ ರಾಬಿನ್ಸನ್ ದಂಪತಿಯನ್ನು ಊರಿನಿಂದ ಪಾರುಮಾಡಿದರು.

ಈ ಅವಧಿಯಲ್ಲಿ ರಿಕಿ ಅವರಿಂದ ಸ್ಮಿತ್‌ಗೆ ವಾರಕ್ಕೆ 50 ಡಾಲರ್ ಸಂದಾಯವಾಗುತ್ತಿತ್ತು. ತಾನು ವರದಿ ಮಾಡುವ ತಂಡದಿಂದಲೇ ಹಣ ಪಡೆಯುವುದನ್ನು ಇಂದಿನ ಪತ್ರಿಕಾಧರ್ಮ ಒಪ್ಪದು, ನಿಜ. ಆದರೆ ಪ್ರೆಸ್ ಬಾಕ್ಸ್‌ಗೆ ಪ್ರವೇಶವಿಲ್ಲದೆ, ಪ್ರೇಕ್ಷಕರ ನಡುವೆ ಕೂತು ತೊಡೆಯ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ವರದಿ ಹೊಡೆಯಬೇಕಾಗಿದ್ದವರನ್ನು ಆ ಅಳತೆಗೋಲಿನಿಂದಷ್ಟೇ ಅಳೆಯುವುದು ನ್ಯಾಯವಲ್ಲ. ತಟಸ್ಥತೆ ಎಂಬುದು ಒಳಗೆ ಬಿಟ್ಟವರಿಗೆ ಮಾತ್ರ ಸಾಧ್ಯವಿದ್ದ ಸೌಕರ್ಯ.

1948ರ ಹೊತ್ತಿಗೆ ಷಿಕಾಗೋದ ದಿನಪತ್ರಿಕೆಯೊಂದನ್ನು ಸೇರಿದ ಅವರಿಗೆ ಬೇಸ್‌ಬಾಲ್ ಲೇಖಕರ ಸಂಘದ ಸದಸ್ಯತ್ವವೂ ದೊರೆಯಿತು. 1961ರಲ್ಲಿ ಮತ್ತೊಂದು ಲೇಖನಾಂದೋಲನ ಹೂಡಿದರು. ಫ್ಲಾರಿಡಾದ ತರಬೇತಿ ಶಿಬಿರಗಳಲ್ಲಿ ಕಪ್ಪು ಆಟಗಾರರಿಗೆ ತಂಡದ ಹೋಟೆಲಿನಲ್ಲಿ ಜಾಗವಿರಲಿಲ್ಲ. ಅವರ ಬರಹಗಳ ಬಳಿಕ ವೈಟ್ ಸಾಕ್ಸ್ ತಂಡ ಸರಸೋಟದಲ್ಲಿ ಹೋಟೆಲೊಂದನ್ನು ಕೊಂಡು ಎಲ್ಲರನ್ನೂ ಒಂದೇ ಸೂರಿನಡಿ ಇರಿಸಿತು. ಕೊನೆಯ ವರ್ಷಗಳಲ್ಲಿ ಟಿವಿಯಲ್ಲೂ ಕ್ರೀಡಾ ವರದಿ ಮಾಡಿದರು. 1972ರ ನವೆಂಬರ್‌ನಲ್ಲಿ, ರಾಬಿನ್ಸನ್ ತೀರಿಕೊಂಡು ಸುಮಾರು ಒಂದು ತಿಂಗಳಿಗೆ, ಸ್ಮಿತ್ ನಿಧನರಾದರು.

1993ರಲ್ಲಿ ಅವರಿಗೆ ಜೆ.ಜಿ. ಟೇಲರ್ ಸ್ಪಿಂಕ್ ಪ್ರಶಸ್ತಿಯನ್ನು ಮರಣೋತ್ತರವಾಗಿ ಘೋಷಿಸಲಾಯಿತು. ಈ ಸ್ಪಿಂಕ್ ಅವರ ಪತ್ರಿಕೆ 1942ರಲ್ಲಿ ಕಪ್ಪು ಆಟಗಾರರ ಸೇರ್ಪಡೆಯ ವಿರುದ್ಧ ಸಂಪಾದಕೀಯ ಬರೆದಿತ್ತು. 2021ರಲ್ಲಿ ಲೇಖಕರ ಸಂಘವೇ ಆ ಹೆಸರನ್ನು ಪ್ರಶಸ್ತಿಯಿಂದ ತೆಗೆದುಹಾಕಿತು.