ಅವ್ವನ ಬಹುವಚನ

“ಅಕ್ಕೋರ, ‘ಯೂ’ ಅಂದ್ರ ನೀನೋ, ನೀವೋ?” ಧಾರವಾಡದ ಶಾಲೆಯಲ್ಲಿ ವಚನಗಳ ಪಾಠ ನಡೆದಾಗ ಹುಡುಗಿಯೊಬ್ಬಳು ಕೇಳಿದಳು. ಎರಡೂ ಹೌದು ಎಂದೆ. ಅದರ ಹಿಂದೊಂದು ಇತಿಹಾಸವೇ ಇದೆ.

ಹಿಂದೆ ಇಂಗ್ಲಿಷಿನಲ್ಲಿ ಒಬ್ಬರಿಗೆ ‘ದೌ’, ಹಲವರಿಗೆ ‘ಯೀ’, ‘ಯೂ’ ಇದ್ದವು. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಅರಮನೆಯ ಮಾತು ಫ್ರೆಂಚ್ ಆಯಿತು. ಫ್ರೆಂಚರು ಆಪ್ತರಿಗೂ ಆಳುಗಳಿಗೂ ‘ತ್ಯು’ ಅನ್ನುತ್ತಿದ್ದರು. ದೊಡ್ಡವರು ಒಬ್ಬರೇ ಇದ್ದರೂ ಬಹುವಚನದ ‘ವೂ’. 13ನೆಯ ಶತಮಾನದ ಹೊತ್ತಿಗೆ ಈ ರೂಢಿ ಇಂಗ್ಲಿಷಿಗೂ ಹತ್ತಿತು. ಯಾರನ್ನೂ ಕೆಳಗಿಡುವ ಗೊಡವೆ ಬೇಡವೆಂಬಂತೆ ‘ಯೂ’ ಹಬ್ಬುತ್ತ ಹೋಗಿ, 17ನೆಯ ಶತಮಾನ ಮುಗಿಯುವಷ್ಟರಲ್ಲಿ ‘ದೌ’ ದಿನದ ಮಾತಿನಿಂದ ಬಹುಮಟ್ಟಿಗೆ ಮರೆಯಾಯಿತು. ಪ್ರಾರ್ಥನೆಯಲ್ಲಿ ದೇವರಿಗೆ ಉಳಿಯಿತು. ಫ್ರೆಂಚಿನಲ್ಲಿ ಎರಡೂ ಇನ್ನೂ ಇವೆ.

ನಮ್ಮಲ್ಲೂ ಇವೆ. ‘ಅಕ್ಕೋರು’ ಎಂಬಲ್ಲೇ ‘ಅವರು’ ಸೇರಿದೆ. ಸಂಬಳದ ಜತೆ ನನಗೆ ಬಹುವಚನವೂ ಬಂತು. ಮನೆಯಲ್ಲಿ ಮಾತ್ರ ಅಪ್ಪ ‘ಬಂದ್ರು’, ಅವ್ವ ‘ಬಂದ್ಲು’. ಅಪ್ಪ ಅವ್ವನಿಗೆ ‘ನೀ’, ಅವ್ವ ಅಪ್ಪನಿಗೆ ‘ನೀವು’. ಅವ್ವನಿಗೆ ನಾವನ್ನುವ ‘ನೀ’ ಪ್ರೀತಿಯದು, ದೇವರಿಗೂ ಹಾಗೇ ಅನ್ನುತ್ತೇವಲ್ಲ ಎಂದು ನಾನೇ ವಾದಿಸಿದ್ದುಂಟು.

ಅವ್ವ ಹೋದ ಮೇಲೆ ಕಾರ್ಡು ಅಚ್ಚಾಗಿ ಬಂತು. ‘ನಮ್ಮ ತಾಯಿಯವರು ದೈವಾಧೀನರಾದರು’. ಅವಳಿಗೆ ನಮ್ಮ ಮನೆ ಕೊಟ್ಟ ಮೊದಲ ಬಹುವಚನ ಅದು. ಓದಲು ಅವಳಿರಲಿಲ್ಲ.

ಪ್ರೀತಿಯ ಏಕವಚನ ಇರಲಿ, ತಂಗೆಂದಿರಾ. ಪ್ರೀತಿಯೇ ಆದರೆ ಅಪ್ಪನಿಗೂ ಇರಲಿ. ಗೌರವವಾದರೆ ಅವ್ವನಿಗೂ ಇರಲಿ, ಅವಳು ಕೇಳಿಸಿಕೊಳ್ಳುವಾಗಲೇ.