ಯಾತ್ರೆಯ ಹಾದಿ ಉಳಿಸಿದವರು ಹಾದಿಬದಿಯ ಊರಿನವರು

ಯುಗಾದಿ ಹತ್ತಿರ ಬಂತೆಂದರೆ ನಮ್ಮ ಭಾಗದ ರಸ್ತೆಗಳ ಕಳೆಯೇ ಬೇರೆ. ತಲೆ ಮೇಲೊಂದು ಗಂಟು, ಹೆಗಲಿಗೊಂದು ಚೀಲ, ಬಾಯಲ್ಲಿ ಮಲ್ಲಯ್ಯನ ಹೆಸರು. ಬಳ್ಳಾರಿ, ಕೊಪ್ಪಳ, ರಾಯಚೂರು, ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯಿಂದ ಸಾವಿರಾರು ಜನ ಶ್ರೀಶೈಲಕ್ಕೆ ನಡೆದು ಹೋಗುತ್ತಾರೆ. ಕೆಲವರು ಮರಗಾಲು ಕಟ್ಟಿಕೊಂಡೇ ನಡೆಯುವುದುಂಟು.

ಇಂಥದ್ದೇ ನೋಟ ದೂರದ ಜಪಾನಿನಲ್ಲೂ ಇದೆ. ಅಲ್ಲಿಯವರು ಬೌದ್ಧರು, ನಮ್ಮವರು ಮಲ್ಲಿಕಾರ್ಜುನನ ಭಕ್ತರು. ದೇವರು ಬೇರೆ, ಭಾಷೆ ಬೇರೆ. ಆದರೆ ಎರಡೂ ಹಾದಿ ಇಂದಿಗೂ ಜೀವಂತವಾಗಿರುವುದಕ್ಕೆ ಕಾರಣ ಮಾತ್ರ ಒಂದೇ. ಅದೇನೆಂದು ನೋಡೋಣ.

88 ಗುಡಿ, 1,200 ಕಿಲೋಮೀಟರ್

ಜಪಾನಿನ ನಾಲ್ಕು ದೊಡ್ಡ ದ್ವೀಪಗಳಲ್ಲಿ ಚಿಕ್ಕದು ಶಿಕೋಕು. ಅದನ್ನು ಸುತ್ತು ಹಾಕುವ ಯಾತ್ರೆಯಲ್ಲಿ 88 ಬೌದ್ಧ ದೇವಾಲಯಗಳಿವೆ. ಒಟ್ಟು ಹಾದಿ ಸುಮಾರು 1,200 ಕಿಲೋಮೀಟರ್. ನಡೆದರೆ ಒಂದೂವರೆ ತಿಂಗಳ ಆಸುಪಾಸು ಬೇಕು. ಈಗ ಬಸ್ಸು, ಕಾರಿನಲ್ಲಿ ಹೋಗುವವರೇ ಹೆಚ್ಚು. ಆದರೂ ನಡೆಯುವವರು ನಿಂತಿಲ್ಲ.

ಈ ಯಾತ್ರೆ ಕೂಕಾಯ್ ಎಂಬ ಸನ್ಯಾಸಿಯ ಹೆಸರಿನಲ್ಲಿ ನಡೆಯುತ್ತದೆ. 774ರಲ್ಲಿ ಇದೇ ದ್ವೀಪದಲ್ಲಿ ಹುಟ್ಟಿ, ಚೀನಾಕ್ಕೆ ಹೋಗಿ ಕಲಿತು ಬಂದವನು. 835ರಲ್ಲಿ ತೀರಿಕೊಂಡ. ಯಾತ್ರಿಕರು ಬಿಳಿ ಅಂಗಿ ತೊಟ್ಟು, ಅಗಲವಾದ ಟೋಪಿ ಹಾಕಿ, ಕೈಯಲ್ಲಿ ಕೋಲು ಹಿಡಿಯುತ್ತಾರೆ. ಆ ಕೋಲೇ ಕೂಕಾಯ್ ಎಂದು ಅವರ ನಂಬಿಕೆ. ಒಬ್ಬನೇ ಹೊರಟರೂ ಜೊತೆಗೆ ಗುರು ಇದ್ದಾನೆ, ನಾವಿಬ್ಬರು ಎಂದುಕೊಂಡು ನಡೆಯುತ್ತಾರೆ. ಬಿಳಿ ಬಟ್ಟೆಗೆ ಇನ್ನೊಂದು ಅರ್ಥವೂ ಇದೆ. ಹಿಂದಿನ ಕಾಲದಲ್ಲಿ ದಾರಿಯಲ್ಲೇ ಜೀವ ಹೋದರೆ ಅದೇ ಅವರ ಹೆಣದ ಬಟ್ಟೆ.

ಮೊದಲು ಈ ಹಾದಿ ಹೆಚ್ಚಾಗಿ ಸನ್ಯಾಸಿಗಳದ್ದು. ಸಾಮಾನ್ಯ ಜನರಿಗೆ ದಾರಿ ಗೊತ್ತಾಗಲು ಶಿನ್ನೆನ್ ಎಂಬವನ ದುಡಿಮೆ ಬೇಕಾಯಿತು. ಮತ್ತೆ ಮತ್ತೆ ಆ ಹಾದಿಯಲ್ಲಿ ನಡೆದ ಅವನು 1687ರಲ್ಲಿ ಯಾತ್ರಿಕರಿಗೆಂದೇ ಒಂದು ಕೈಪಿಡಿ ಅಚ್ಚು ಹಾಕಿಸಿದ. ದಾರಿ ತಪ್ಪುವ ಜಾಗಗಳಲ್ಲಿ ಕಲ್ಲು ನೆಡಿಸಿದ. ಬಡವರು ರಾತ್ರಿ ಕಳೆಯಲು ನೆಲೆ ಮಾಡಿಸಿದ. ಮುಂದೆ ನಕತ್ಸುಕಾಸ ಮೊಹೆಯ್ ಎಂಬವನು 1922ರಲ್ಲಿ ಸಾಯುವ ಹೊತ್ತಿಗೆ 280 ಸುತ್ತು ನಡೆದಿದ್ದ. ಅವನು ನೆಡಿಸಿದ ದಾರಿಗಲ್ಲುಗಳೇ ಇನ್ನೂರಕ್ಕೂ ಹೆಚ್ಚು.

ಇವರಿಗಿಂತ ದೊಡ್ಡ ಕೆಲಸ ಮಾಡಿದವರು ಹೆಸರಿಲ್ಲದ ರೈತರು. ಯಾತ್ರಿಕ ಮನೆ ಮುಂದೆ ಹಾದುಹೋದರೆ ಅನ್ನ, ಹಣ್ಣು, ಚಹಾ, ಚಿಲ್ಲರೆ ದುಡ್ಡು, ಒಂದು ಜೊತೆ ಹುಲ್ಲಿನ ಚಪ್ಪಲಿ, ಏನಾದರೊಂದು ಕೊಡುತ್ತಿದ್ದರು. ಇದಕ್ಕೆ ಅಲ್ಲಿ ‘ಒಸೆತ್ತಾಯ್’ ಎನ್ನುತ್ತಾರೆ. ಯಾತ್ರಿಕನಿಗೆ ಕೊಟ್ಟದ್ದು ಕೂಕಾಯ್‌ಗೇ ಮುಟ್ಟುತ್ತದೆ, ನಡೆಯಲಾಗದವರಿಗೂ ಯಾತ್ರೆಯ ಪುಣ್ಯದಲ್ಲಿ ಪಾಲು ಸಿಗುತ್ತದೆ ಎಂಬ ಭಾವನೆ. ಈ ಪದ್ಧತಿ ಈಗಲೂ ಇದೆ. ನಮ್ಮ ದಾಸೋಹ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ಧರ್ಮದ ಮಾತು ನಮ್ಮ ಬಂಡೆಯ ಮೇಲಿದೆ

ಬೌದ್ಧ ಧರ್ಮ ಕೊರಿಯಾ ಮೂಲಕ ಜಪಾನಿಗೆ ಮುಟ್ಟಿದ್ದು 6ನೇ ಶತಮಾನದಲ್ಲಿ. ಅದಕ್ಕೂ ಸುಮಾರು 800 ವರ್ಷ ಮೊದಲೇ ಅದು ನಮ್ಮ ತುಂಗಭದ್ರಾ ದಂಡೆಗೆ ಬಂದಿತ್ತು. ಸಾಕ್ಷಿ ಬೇಕಾದರೆ ಕುರುಗೋಡಿನಿಂದ ಪಕ್ಕದ ಸಿರುಗುಪ್ಪ ತಾಲ್ಲೂಕಿಗೆ ಹೋಗಬೇಕು. ಅಲ್ಲಿನ ನಿಟ್ಟೂರು ಮತ್ತು ಉಡೇಗೋಳದಲ್ಲಿ ಅಶೋಕನ ಬಂಡೆ ಶಾಸನಗಳಿವೆ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಹೆಚ್ಚಿನ ಶಾಸನಗಳಲ್ಲಿ ಅವನು ‘ದೇವರಿಗೆ ಪ್ರಿಯನಾದವನು’ ಎಂದಷ್ಟೇ ಕರೆದುಕೊಳ್ಳುತ್ತಾನೆ. ಅಶೋಕ ಎಂಬ ಸ್ವಂತ ಹೆಸರು ಇರುವ ಶಾಸನಗಳು ದೇಶದಲ್ಲೇ ಬೆರಳೆಣಿಕೆಯಷ್ಟು. ರಾಯಚೂರು ಜಿಲ್ಲೆಯ ಮಸ್ಕಿ ಅವುಗಳಲ್ಲಿ ಒಂದು, ನಮ್ಮ ಈ ಎರಡು ಊರುಗಳೂ ಆ ಪಟ್ಟಿಯಲ್ಲಿವೆ.

ಧರ್ಮದ ದಾರಿಯಲ್ಲಿ ಶ್ರಮಪಟ್ಟರೆ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಸಿಗುತ್ತದೆ ಎಂಬುದು ಈ ಶಾಸನದ ತಿರುಳು. ಇದರ ಹಲವು ಪ್ರತಿಗಳ ಕೊನೆಯಲ್ಲಿ 256 ಎಂಬ ಸಂಖ್ಯೆ ಇದೆ. ಅಶೋಕ ಸಂಚಾರದಲ್ಲಿ ಕಳೆದ 256 ರಾತ್ರಿಗಳ ಲೆಕ್ಕ ಅದು ಎಂದು ಅನೇಕ ವಿದ್ವಾಂಸರು ಅರ್ಥ ಮಾಡಿದ್ದಾರೆ. ಅಂದರೆ ಇದು ಅರಮನೆಯಲ್ಲಿ ಕೂತು ಹೇಳಿದ ಮಾತಲ್ಲ, ತಿರುಗಾಟದಲ್ಲಿ ಹುಟ್ಟಿದ ಮಾತು.

ಬಳ್ಳಾರಿಯಿಂದ ಪೂರ್ವಕ್ಕೆ ಗುಂತಕಲ್ಲು, ಗುತ್ತಿ ದಾಟಿದರೆ ಎರ್ರಗುಡಿ ಸಿಗುತ್ತದೆ. ಅಲ್ಲಿ ಅಶೋಕನ 14 ದೊಡ್ಡ ಶಾಸನಗಳೂ ಇವೆ. ಅವುಗಳಲ್ಲಿ ಎಂಟನೆಯದು ಯಾತ್ರೆಯ ಬಗ್ಗೆಯೇ ಮಾತಾಡುತ್ತದೆ. ಹಿಂದಿನ ರಾಜರು ಬೇಟೆ, ಮೋಜಿಗೆಂದು ವಿಹಾರಯಾತ್ರೆ ಹೋಗುತ್ತಿದ್ದರು. ಅಶೋಕ ಪಟ್ಟಕ್ಕೆ ಬಂದ ಹತ್ತನೇ ವರ್ಷ, ಬುದ್ಧನಿಗೆ ಜ್ಞಾನೋದಯವಾದ ಬೋಧಗಯೆಗೆ ಹೋದ. ಅಲ್ಲಿಂದ ಧರ್ಮಯಾತ್ರೆ ಶುರುವಾಯಿತು. ಆ ಯಾತ್ರೆಯಲ್ಲಿ ಏನೇನು ಮಾಡಬೇಕು ಎಂಬುದನ್ನೂ ಶಾಸನ ಎಣಿಸುತ್ತದೆ: ಶ್ರಮಣರನ್ನು, ಬ್ರಾಹ್ಮಣರನ್ನು ಕಂಡು ದಾನ ಕೊಡುವುದು, ಮುದುಕರಿಗೆ ನೆರವಾಗುವುದು, ಹಳ್ಳಿಗಾಡಿನ ಜನರನ್ನು ಭೇಟಿಯಾಗಿ ಧರ್ಮದ ಮಾತಾಡುವುದು.

ಕೊನೆಯ ಮಾತನ್ನು ಗಮನಿಸಿ. ಯಾತ್ರೆ ಎಂದರೆ ಸ್ಥಳ ನೋಡಿ ಬರುವುದಷ್ಟೇ ಅಲ್ಲ, ದಾರಿಯ ಜನರನ್ನು ಕಾಣುವುದೂ ಯಾತ್ರೆಯೇ ಎಂದು ಎರಡು ಸಾವಿರ ವರ್ಷಕ್ಕೂ ಹಿಂದೆ ಕಲ್ಲಿನಲ್ಲಿ ಕೆತ್ತಿಸಿದ್ದಾರೆ.

ಕಲ್ಲು ಉಳಿಯಿತು, ಹಾದಿ ಉಳಿಯಲಿಲ್ಲ

ನಮ್ಮಲ್ಲಿ ಅಶೋಕನ ಕಲ್ಲು ಉಳಿಯಿತು. ಮಸ್ಕಿ, ಕೊಪ್ಪಳ, ನಿಟ್ಟೂರು, ಉಡೇಗೋಳ, ಎರ್ರಗುಡಿ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಎಲ್ಲವೂ ಇವೆ. ಆದರೆ ಶಿಕೋಕುವಿನ ಹಾಗೆ ಇವನ್ನು ಒಂದಕ್ಕೊಂದು ಹೆಣೆಯುವ ನಡಿಗೆಯ ಹಾದಿ ಇಲ್ಲ, ಆ ಲಿಪಿ ಓದಲು ನಮಗೆ ಬರುವುದಿಲ್ಲ. ಶಿಕೋಕುವಿನಲ್ಲಿ ಕಲ್ಲಿನ ಜೊತೆ ಅನ್ನ ಇಟ್ಟವರಿದ್ದರು. ಹಾಗಾಗಿ ಹಾದಿ ಉಳಿಯಿತು.

ಶ್ರೀಶೈಲದ ಹಾದಿಯೂ ಹಾಗೆಯೇ ಉಳಿದದ್ದು. ರಾಜರು ತಮ್ಮ ಪಾಲಿನದು ಮಾಡಿದರು. 14ನೇ ಶತಮಾನದ ರೆಡ್ಡಿ ದೊರೆ ಪ್ರೋಲಯ ವೇಮರೆಡ್ಡಿ ಬೆಟ್ಟಕ್ಕೆ ಮೆಟ್ಟಿಲು ಕಟ್ಟಿಸಿದ. ವಿಜಯನಗರದ ಎರಡನೇ ಹರಿಹರನ ರಾಣಿ ವಿಠಲಾಂಬೆ ಕೃಷ್ಣೆಗೆ ಇಳಿಯಲು ಮೆಟ್ಟಿಲು ಮಾಡಿಸಿದಳು. ಆದರೆ ಮೆಟ್ಟಿಲು ಹಸಿವು ನೀಗಿಸುವುದಿಲ್ಲ. ಆತ್ಮಕೂರು ದಾಟಿ ನಲ್ಲಮಲ ಕಾಡು ಹೊಕ್ಕು, ನಾಗಲೂಟಿ, ಪೆದ್ದಚೆರುವು, ಭೀಮುನಿಕೊಲನು ಹಾದು ಬೆಟ್ಟ ಏರುವವರಿಗೆ ನೀರು, ಮಜ್ಜಿಗೆ, ಊಟ ಕೊಡುವವರು ಸಾಮಾನ್ಯ ಜನರೇ. ಭ್ರಮರಾಂಬೆ ನಮ್ಮ ಮನೆಮಗಳು, ಮಲ್ಲಯ್ಯ ಅಳಿಯ ಎಂದು ಸೀರೆ, ಕುಪ್ಪಸ ಹೊತ್ತು ಹೋಗುವ ನಮ್ಮವರಿಗೆ ದಾರಿಯ ಊರುಗಳೆಲ್ಲ ನೆಂಟರ ಊರುಗಳೇ.

ಈಗ ರಸ್ತೆ ಅಗಲವಾಗಿವೆ, ಲಾರಿಗಳ ಓಟ ಹೆಚ್ಚಾಗಿದೆ, ಬಿಸಿಲೂ ಜೋರು. ರಾತ್ರಿ ನಡೆಯುವವರ ಜೀವಕ್ಕೆ ಭಯ ಇದ್ದೇ ಇದೆ. ಹಳೆಯ ಕಾಲುದಾರಿ ಎಲ್ಲಿತ್ತು, ಯಾವ ಊರಿನ ಬಾವಿ ನೀರು ಸಿಹಿ, ಯಾವ ಮಠದಲ್ಲಿ ಮಲಗಲು ಜಾಗ ಸಿಗುತ್ತದೆ, ಇದೆಲ್ಲ ಹೆಚ್ಚಾಗಿ ಇರುವುದು ಹಿರಿಯರ ನೆನಪಿನಲ್ಲಿ. ಅವರು ಹೋದರೆ ಅದೂ ಹೋಯಿತು.

ಶಿನ್ನೆನ್ 1687ರಲ್ಲಿ ಅಚ್ಚುಮರ ಕೆತ್ತಿಸಿ ಮಾಡಿದ ಕೆಲಸಕ್ಕೆ ಇಂದು ನಿಮ್ಮ ಕೈಯಲ್ಲಿರುವ ಫೋನು ಸಾಕು. ಮನೆಯಲ್ಲಿ ಶ್ರೀಶೈಲಕ್ಕೆ ನಡೆದ ಅಜ್ಜ, ಅಜ್ಜಿ, ಕಾಕಾ ಇದ್ದರೆ ಪಕ್ಕ ಕೂತು ಕೇಳಿ. ಎಲ್ಲಿಂದ ಹೊರಟಿರಿ, ಎಲ್ಲಿ ತಂಗಿದಿರಿ, ಯಾರು ಉಣ್ಣಲಿಕ್ಕೆ ಕೊಟ್ಟರು? ಊರಿನ ಹೆಸರು ಒಂದೊಂದಾಗಿ ಬರೆದಿಡಿ. ಮುಂದಿನ ಯುಗಾದಿಗೆ ಹೊರಡುವ ಹುಡುಗರಿಗೆ ಆ ಪಟ್ಟಿಯೇ ದಾರಿಗಲ್ಲು.